ಇವತ್ತಿನ ದರ

ರೂವಿ ಹೈ ಸ್ಟ್ರೀಟಿನ ಹಣದಂಗಡಿಯಲ್ಲಿ ಮೂರನೇ ಕೌಂಟರು ನನ್ನದು.
ಮಾತಿಗೆಂದು ಗಾಜಿನಲ್ಲಿ ಕೊರೆದ ಏಳು ತೂತು,
ಮೊದಲ ಅಲೆಗೆ ಅವಕ್ಕೂ ಟೇಪು ಹಚ್ಚಿದೆವು.
ಆಮೇಲೆ ಎಲ್ಲರದ್ದೂ ಬೆರಳಿನ ಮಾತು:
ಐದು ಬೆರಳೆಂದರೆ ಐವತ್ತು ರಿಯಾಲು,
ಮುಷ್ಟಿಯೆಂದರೆ ಈ ತಿಂಗಳು ಏನಿಲ್ಲ ಮಾರಾಯ.

ರೋಗದ ಲೆಕ್ಕ ಸರಕಾರ ಹೇಳುವುದು ಸಂಜೆಗೆ.
ನನಗದು ಬೆಳಗ್ಗೆಯೇ ಗೊತ್ತು.
ಅಲೆ ಏರುವಾಗ ಹಣ ಮೊದಲು ಹೆಚ್ಚುತ್ತದೆ,
ಯಾರೂ ನಂಬುವುದಿಲ್ಲ ಇದನ್ನು.
ಕೆಲಸ ಹೋದವನ ಹನ್ನೊಂದು ವರ್ಷದ ಗ್ರಾಚ್ಯುಟಿ
ಒಂದೇ ಚೀಟಿಯಲ್ಲಿ ಊರಿಗೆ ಹೊರಡುತ್ತದೆ,
ಅದರ ಹಿಂದೆ ಅವನು.
ಆಮೇಲೆ ನೋಟೆಣಿಸುವ ಯಂತ್ರ ಧೂಳೆಣಿಸುತ್ತ ಕೂರುತ್ತದೆ.

ಹಣ ಕಳಿಸುವ ಉದ್ದೇಶ, ಎಂದೊಂದು ಕಾಲಮ್ಮು.
ಹದಿನಾಲ್ಕು ವರ್ಷ ತುಂಬಿದ್ದು ಒಂದೇ: ಕುಟುಂಬ ನಿರ್ವಹಣೆ.
ಆ ಏಪ್ರಿಲಿನಲ್ಲಿ ಬರೆದೆ: ಆಸ್ಪತ್ರೆ, ಆಸ್ಪತ್ರೆ,
ಆಕ್ಸಿಜನ್ನು, ಆಸ್ಪತ್ರೆ.
ಗೋರಖಪುರದ ರಾಮ್‌ಸುಮೇರ್ ಗಾಜಿಗೆ ಹಣೆಯಿಟ್ಟು
ಸೌದೆಗೆ ಏನಂತ ಬರೆಯುತ್ತೀರಿ ಸಾಹೇಬ, ಎಂದ.
ಕುಟುಂಬ ನಿರ್ವಹಣೆ ಎಂದೇ ಬರೆದೆ.

ರೂಪಾಂತರಿ, ಎಂದಿತು ಪತ್ರಿಕೆ.
ನನಗೇನು ಹೊಸ ಮಾತಲ್ಲ. ಇದೇ ಕಿಟಕಿಯಲ್ಲಿ
ರಿಯಾಲು ಒಳಹೊಕ್ಕು ರೂಪಾಯಿ, ಟಾಕಾ, ಪೆಸೊ ಆಗಿ
ಹೊರಬೀಳುವುದನ್ನು ದಿನಾ ನೋಡಿದವನು.
ಅದೂ ಹಾಗೆಯೇ, ಹೋದಲ್ಲಿ ಮೈ ಬದಲಿಸಿ
ಕಂಡವರ ಗಂಟಲಲ್ಲಿ ಚಲಾವಣೆಯಾಗುತ್ತ.
ವೀಸಾ ಇಲ್ಲ, ಕಮಿಷನ್ನಿಲ್ಲ.
ನಮ್ಮ ವಿಮಾನ ನಿಂತಿತು, ಅದರದ್ದು ನಿಲ್ಲಲಿಲ್ಲ.

ಲಸಿಕೆ ಬಂದಾಗ ಶಿರ್ವದ ನರ್ಸು ಫೆಲ್ಸಿಟಾಬಾಯಿಗೆ
ದಿನಕ್ಕೆ ಆರುನೂರು ತೋಳು.
"ಮುಖ ಒಂದೂ ನೆನಪಿಲ್ಲ, ತೋಳು ನೆನಪು.
ಆಫೀಸಿನವರದ್ದು ಮೊದಲು ಬಂತು, ಮೆತ್ತಗೆ.
ಸಿಮೆಂಟಿನವರದ್ದು ಕೊನೆಗೆ, ಸೂಜಿ ಬಾಗುವಷ್ಟು ಗಟ್ಟಿ."
ಒಂದು ಕೋಣೆಗೆ ಹನ್ನೆರಡು ಮಂಚ;
ನಾವು ಸರದಿಯಲ್ಲಿ ಕಾಯಿಸಿದವರ ಮೈಯಲ್ಲೇ ಕೂತು
ಅದು ಮುಂದಿನ ಅಕ್ಷರ ಕಲಿತಿರಬೇಕು.

ಚಳಿಗಾಲಕ್ಕೆ ಹೊಸ ಹೆಸರಿನಲ್ಲಿ ಮತ್ತೆ ಬಂತು.
ಈ ಸಲ ರಸ್ತೆಯಿಡೀ ಕೆಮ್ಮಿತು, ಮೂರು ದಿನ ಮಲಗಿತು,
ನಾಲ್ಕನೆಯ ದಿನ ಶಟರ್ ಎತ್ತಿತು.
ನನ್ನ ಕಾಲಮ್ಮಿನಲ್ಲಿ ಆಸ್ಪತ್ರೆ ಎರಡೇ ಸಲ.

ಹಳೆಯ ಚೀಟಿಗಳ ಕಟ್ಟು ಮೊನ್ನೆ ಬಿಚ್ಚಿದೆ.
ಶಾಖದ ಕಾಗದ, ಅಕ್ಷರ ಹಾರಿಹೋಗಿದೆ:
ಯಾವ ಏಪ್ರಿಲೂ ಇಲ್ಲ, ಯಾರ ಸೌದೆಯೂ ಇಲ್ಲ.

ಟೇಪು ಕಿತ್ತೆ. ಅಂಟು ಉಳಿದಿತ್ತು, ಉಗುರಲ್ಲಿ ಕೆರೆದೆ.
ಏಳು ತೂತಿನಿಂದ ಮೊದಲು ಬಂದದ್ದು ಒಂದು ಕೆಮ್ಮು;
ಕುರ್ಚಿ ತಾನಾಗಿ ಹಿಂದೆ ಸರಿಯಿತು.
ಆಮೇಲೆ ದನಿ:
ಇವತ್ತಿನ ದರ ಎಷ್ಟು?