ನಾಲ್ಕಿಪ್ಪತ್ತು ಮತ್ತು ಹದಿಮೂರು

ಅವಳ ಹೆಸರಿನ ಮೊದಲೆರಡು ವ್ಯಂಜನಗಳ ನಡುವೆ
ಸ್ವರವೇ ಇಲ್ಲ.
ಮ್ಜಿಯಾ.
ಡನೀಡಿನ್‌ನಲ್ಲಿ ಯಾರ ನಾಲಿಗೆಯೂ ಹಾಗೆ ಹೊರಳದೆ
ಮಿಸಿಯಾ ಆಯಿತು, ಮಜಿಯಾ ಆಯಿತು,
ಕೊನೆಗೆ ಬರೀ ಡಾಕ್ಟರ್.
ನಾನು ಅಂಗರಚನಾ ವಿಭಾಗದ ಕೆಲಸದವ,
ಜಾಡಿ ತೊಳೆಯುವವ, ಅಲಗು ಮಸೆಯುವವ.
ಹನ್ನೊಂದು ವರ್ಷ ಅಭ್ಯಾಸ ಮಾಡಿದ್ದೇನೆ:
ಮುಚ್ಚಿದ ತುಟಿ ತೆರೆಯುವ ಮೊದಲೇ
ಒಳಗೊಂದು ಜೇನ್ನೊಣ ಹಾರಬೇಕು.

ಬಂದಾಗ ಎರಡು ಪೆಟ್ಟಿಗೆ.
ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ
ಉಣ್ಣೆಯ ಕಾಲುಚೀಲಗಳ ನಡುವೆ, ಗಾಜಿನ ಪಟ್ಟಿಗಳ ಮೇಲೆ,
ನೇರಳೆ ಬಣ್ಣ ಕುಡಿದ
ಇಲಿಮಿದುಳಿನ ಸಾವಿರದಿನ್ನೂರು ಸೀಳು.
ಆಕ್ಲೆಂಡಿನ ಕಸ್ಟಮ್ಸಿನವ ಕೇಳಿದನಂತೆ:
ಹಣ್ಣು? ಬೀಜ? ಜೇನು? ಬೂಟಿಗಂಟಿದ ಮಣ್ಣು?
"ಇಲಿಗಳ ನೆನಪಿದೆ" ಅಂದಳಂತೆ.
ನಾಲ್ಕು ಗಂಟೆ ಕೂರಿಸಿದರು.

ಟಿಬಿಲಿಸಿಯಲ್ಲಿ, ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ,
ಸೂಕ್ಷ್ಮದರ್ಶಕವನ್ನು ಕಿಟಕಿಗೆ ಒತ್ತಿಟ್ಟು
ಪುಟ್ಟ ಕನ್ನಡಿಯಲ್ಲಿ ಬಿಸಿಲು ಹಿಡಿದು
ಕೋಶ ಎಣಿಸುತ್ತಿದ್ದಳು.
ಮೂರೂವರೆಗೆ ಬಿಸಿಲು ಎದುರುಮನೆಯ ಹಿಂದೆ.
ಅಲ್ಲಿಗೆ ಆ ದಿನದ ವಿಜ್ಞಾನ ಮುಗಿಯಿತು.
ಖ್ರೋನಿಂಗೆನ್‌ನಲ್ಲಿ ಬೆಳಕಿತ್ತು, ಎರಡು ವರ್ಷದ ಕರಾರು.
ಮಾಂಟ್ರಿಯಲ್‌ನಲ್ಲಿ ಹದಿನೆಂಟು ತಿಂಗಳ ಹಿಮ,
ಅವಳ ಎಣಿಕೆಯ ಮೇಲೆ ಇನ್ನೊಬ್ಬನ ಹೆಸರು.
ಊರು ಬದಲಾದಂತೆ ಪಾಠದ ಭಾಷೆ ಬದಲಾಯಿತು,
ಬೈಗುಳದ್ದು, ಕನಸಿನದ್ದೂ.
ಎಣಿಕೆಯದ್ದು ಮಾತ್ರ ಇಲ್ಲ.
ಈಗಲೂ ಎಣಿಸುವಾಗ ತುಟಿ ಅಲುಗುವುದು ಜಾರ್ಜಿಯನ್ನಿನಲ್ಲಿ,
ಅಲ್ಲಿ ತೊಂಬತ್ತಮೂರೆಂದರೆ
ನಾಲ್ಕಿಪ್ಪತ್ತು ಮತ್ತು ಹದಿಮೂರು.
ನಡುವೆ ಮಾತಾಡಿಸಿದರೆ ಕೆಟ್ಟೆ.
ಮತ್ತೆ ಒಂದರಿಂದ.

ಮಂಗಳವಾರ ನರ್ಸಿಂಗ್ ಮಕ್ಕಳಿಗೆ ಪಾಠ.
ದಾನಿಯ ಮಿದುಳನ್ನು ಅವರ ಬೊಗಸೆಗೆ ಇಡುತ್ತಾಳೆ
ಎಳೆಕೂಸನ್ನು ದಾಟಿಸುವ ಹಾಗೆ,
ಮರುಕ್ಷಣವೇ "ತೂಕ ಎಷ್ಟು, ಹೇಳಿ" ಅನ್ನುತ್ತಾಳೆ
ತರಕಾರಿ ಮಾರುವವಳ ಹಾಗೆ.
ಒಬ್ಬಳು ಕೇಳಿದಳು: ಇದರಲ್ಲಿ ಭಯ ಎಲ್ಲಿದೆ?
ಬಾದಾಮಿಯಷ್ಟು ಜಾಗವೊಂದನ್ನು ಕಡ್ಡಿಯಿಂದ ಮುಟ್ಟಿ
"ಇಲ್ಲಿ" ಅಂದಳು. ತಡೆದು,
"ಇತ್ತು."

ಜೂನ್ ತಿಂಗಳ ಚಳಿಯಲ್ಲಿ ಅವರನ್ನು ವಾರ್ಡಿಗೆ ಕರೆದೊಯ್ದಳು.
ಪ್ಲಾಸ್ಟಿಕ್ ಮಿದುಳು ಹೊತ್ತುಕೊಂಡು ನಾನೂ ಹಿಂದೆ.
ಕಿಟಕಿಯ ಪಕ್ಕ ರಾವಿರಿ ಪೊಹಿಯೊ,
ಬ್ಲಫ್ ಬಂದರಿನಲ್ಲಿ ನಲವತ್ತು ವರ್ಷ ಸಿಂಪಿ ಹಿಡಿದವನು.
ಸ್ಕ್ಯಾನಿನಲ್ಲಿ, ಎಡಗಡೆ, ಸಿಂಪಿಯಷ್ಟೇ ಕಪ್ಪು.
ನೀರು ಬೇಕೇ ಅಂದರೆ ಬಾಯಿ ತೆರೆಯುತ್ತಾನೆ,
ಬಲೆ ಬರಿದೇ ಮೇಲೆ ಬರುತ್ತದೆ.
ಮಗಳು ಯಾರೆಂದು ಗೊತ್ತು, ಬೆರಳು ತೋರಿಸುತ್ತಾನೆ,
ಹೆಸರು ಮಾತ್ರ ಹಲ್ಲಿನ ಆಚೆ ದಾಟದು.
ಮಕ್ಕಳು ಟಿಪ್ಪಣಿ ಬರೆದುಕೊಂಡರು.
ಅವಳು ಪ್ರಶ್ನೆ ನಿಲ್ಲಿಸಿ
ಹಾಸಿಗೆಯ ಅಂಚಿನಲ್ಲಿ ಕೂತಳು (ಕೂರುವ ಹಾಗಿಲ್ಲ),
ಮಂಚದ ಸರಳನ್ನು ಉಗುರಿನಿಂದ ತಟ್ಟಿದಳು.
ಒಮ್ಮೆ. ಇನ್ನೊಮ್ಮೆ.
ಮೂರನೆಯದಕ್ಕೆ ಅವನ ಗಂಟಲಲ್ಲಿ ಏನೋ ಕದಲಿತು:
ತಹಿ, ರುವಾ, ತೊರು, ಫಾ,
ಅಜ್ಜಿಯ ಭಾಷೆಯಲ್ಲಿ,
ಒಂದೊಂದೇ ಸಿಂಪಿ ಮೂಟೆಗೆ ಬಿದ್ದ ಹಾಗೆ,
ಹತ್ತರವರೆಗೆ, ಒಂದೂ ತಪ್ಪದೆ.
ಮುಗಿಸಿ, ಯಾರು ಮಾತಾಡಿದ್ದು ಅನ್ನುವಂತೆ
ನಮ್ಮನ್ನೇ ನೋಡಿದ.
ಮತ್ತೆ ತಹಿ.

"ಗುಣವಾಯಿತು ಅಂದುಕೊಳ್ಳಬೇಡಿ"
ಕಾರಿಡಾರಿನಲ್ಲಿ ಅವಳ ದನಿ ಒರಟಾಗಿತ್ತು,
"ಬಾಯಿಪಾಠಕ್ಕೆ ಬೇರೆ ದಾರಿ ಇರುತ್ತದೆ, ಅಷ್ಟೆ.
ಪರೀಕ್ಷೆಗೆ ಬರಬಹುದು."
ಅಳುತ್ತಿದ್ದ ಹುಡುಗಿಗೆ ಕರವಸ್ತ್ರ ಕೊಟ್ಟಳು,
ವಾಪಸ್ ಕೇಳಲಿಲ್ಲ.

ಆ ಸಂಜೆ ಚಹಾ ಹಿಡಿದು ಅವಳ ಬಾಗಿಲಲ್ಲಿ ನಿಂತೆ.
ಕಣ್ಣು ಮಸೂರಕ್ಕೆ, ತುಟಿ ಅಲುಗುತ್ತಿತ್ತು.
ಆ ಭಾಷೆ ನನಗೆ ಬಾರದು;
ಇಪ್ಪತ್ತು ತುಂಬಿದಾಗಲೆಲ್ಲ ಒಂದು ಉಸಿರು ಬಿಡುತ್ತಾಳೆ,
ಅದು ಗೊತ್ತು.
ಉಸಿರು ಲೆಕ್ಕ ಹಾಕುತ್ತ ನಿಂತೆ. ಚಹಾ ಆರಿತು.

ಡಿಸೆಂಬರಿಗೆ ಅವಳ ಕರಾರು ಮುಗಿಯುತ್ತದೆ.
ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟುಕೊಡು ಅಂದಿದ್ದಾಳೆ.
ಇನ್ನೂ ಬಿಟ್ಟಿಲ್ಲ.