ಗುರುವಾರ, ನಾಲ್ಕು ಗಂಟೆ

ರೊಸಾರಿಯೋದಲ್ಲಿ, ಬೀಗ ರಿಪೇರಿಯ ಅಂಗಡಿಯ ಮೇಲೆ
ನೊಯೆಮಿಯ ಬಾಡಿಗೆ ಕೋಣೆ.
ಕೆಳಗೆ ಅರ ಉಜ್ಜುವ ಸದ್ದು,
ಮೇಲೆ ಯಾರೋ ಬಾಯಿಬಿಡಲು ತಡವರಿಸುವ ಸದ್ದು.

ಡೈರಿಯಲ್ಲಿ ಹೆಸರುಗಳಿಗೆ ಶಾಯಿ,
ಫೀಜಿಗೆ ಪೆನ್ಸಿಲ್ಲು.
ಪೇಸೋ ಇಳಿದಾಗಲೆಲ್ಲ ಅಳಿಸಿ ಅಳಿಸಿ
ಹಾಳೆ ಅಲ್ಲಲ್ಲಿ ತೆಳ್ಳಗಾಗಿದೆ.
"ಈ ತಿಂಗಳಿಂದ ಸ್ವಲ್ಪ ಜಾಸ್ತಿ"
ಅಳುವ ಮೊದಲೇ ಹೇಳಬೇಕೋ,
ಕಣ್ಣೊರೆಸಿಕೊಂಡ ಮೇಲೋ?
ಆರು ವರ್ಷ ಓದಿದ್ದರಲ್ಲಿ ಅದೊಂದು ಇರಲಿಲ್ಲ.

ಇವತ್ತು ನಿಕಾನೋರ್ ಬರಲಿಲ್ಲ.
ಬಸ್ಸಿನ ಪಾಳಿ ಬದಲಾಯಿತಂತೆ. ಇರಬಹುದು.
ವಾರಕ್ಕೆ ಹನ್ನೊಂದು ಜನ, ಬಾಡಿಗೆಗೇ ಏಳು,
ಉಳಿದ ನಾಲ್ಕರಲ್ಲಿ ಒಂದು ಹೋದರೆ...
ಮಡಿಸಿದ ಬೆರಳು ಬಿಚ್ಚಿ ಎದ್ದಳು,
ಇಷ್ಟು ವರ್ಷದಲ್ಲಿ ಮೊದಲ ಸಲ
ಎದುರು ಕುರ್ಚಿಯಲ್ಲಿ ಕೂತಳು.

ಕುರ್ಚಿ ಓಲಾಡಿತು.
ಒಂದು ಕಾಲು ಮೋಟು.
ಪಾದ ನೆಲಕ್ಕೆ ಒತ್ತಿ ಹಿಡಿದರಷ್ಟೇ ನಿಲ್ಲುತ್ತದೆ.

ಮೂರು ವರ್ಷ ಅವನು
ಅಪ್ಪನ ಸಾವು ಹೇಳಿದ್ದು ಹಾಗೆ ಹಿಡಿದುಕೊಂಡೇ.
"ಮೈ ಸಡಿಲ ಬಿಡುವುದಿಲ್ಲ" ಎಂದು
ಇವಳು ಪುಟಗಟ್ಟಲೆ ಬರೆದುಕೊಂಡಿದ್ದಳು,
ಶಾಯಿಯಲ್ಲಿ.

ಕುರ್ಚಿ ಹೊತ್ತು ಮೆಟ್ಟಿಲಿಳಿದಳು.
"ಅಮೀಲ್ಕರ್, ನಿನ್ನ ಅರ ಮರಕ್ಕೂ ಆಗುತ್ತದಾ?
ಉಳಿದ ಮೂರು ಕಾಲು
ಸ್ವಲ್ಪ ಉಜ್ಜಬೇಕು."