ಒಂದು ಸಾಲಿನಾಗ ಎರಡು ಹೆಸರು

ಪಾಸ್ಟರಮ್ಮ ಪಟ್ಟಿ ಮಾಡೂ ಮುಂದ
ಅಡ್ಡಹೆಸರು ನೋಡಿ ಒಂದೇ ಸಾಲಿನಾಗ ಬರದಳು:
ಸುವಾರ್ತಮ್ಮ, ಪ್ರಮೀಳಾ. ಖೋಲಿ ನಂಬರ ಏಳು.
ಮುನ್ನೂರು ರೂಪಾಯಿ ಕಟ್ಟಿದ ಮ್ಯಾಲೆ
ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ.

ನೆಗೆಣ್ಣಿ ಆಕಿ. ನನಗಿಂತ ಹನ್ನೊಂದು ವರ್ಷ ದೊಡ್ಡಾಕಿ.
ನಮ್ಮ ಎರಡು ಮನಿಗೂ ಗ್ವಾಡಿ ಒಂದೇ,
ಆಕಿ ಖಾರ ಕುಟ್ಟಿದರ ನನ್ನ ಕ್ಯಾಲೆಂಡರ ಅಲ್ಲಾಡತದ.
ಅತ್ತಿ ತೀರಿದಾಗಿನಿಂದ
ಅತ್ತಿಯ ಪೆಟ್ಟಿಗಿ ನನ್ನ ಮಂಚದ ಬುಡಕ,
ಅದರ ಕೀಲಿಕೈ ಸುವಾರ್ತಕ್ಕನ ಕೊರಳಾಗ,
ಶಿಲುಬಿ ಜೋಡಿ, ಒಂದೇ ಕರಿದಾರಕ್ಕ.
ಎಂಟು ವರ್ಷ.
ಆಕಿ ಕೊಡಲಿಲ್ಲ, ನಾ ಕೇಳಲಿಲ್ಲ.
ಚರ್ಚಿನಾಗಷ್ಟ ‘ಸಮಾಧಾನ’ ಅಂತ
ಬೆರಳ ತುದಿ ಮುಟ್ಟತೀವಿ.

ಶುಕ್ರವಾರ ಹುಮನಾಬಾದ ಸ್ಟ್ಯಾಂಡಿನಾಗ
ಆಕಿ ಮೊದಲ ಹತ್ತಿ, ಟವೆಲ್ ಹಾಸಿ ಸೀಟು ಹಿಡದಿದ್ದಳು.
ಕಿಟಕಿ ಆಕಿದು.
ಹಳ್ಳಿಖೇಡ ದಾಟೂತನ ನಮ್ಮ ನಡುವ
ರೊಟ್ಟಿ ಗಂಟು ಕುಂತಿತ್ತು,
ಮೂರನೇ ಹೆಂಗಸಿನಂಗ.

ಬೀದರದಾಗ ಕೆಂಪು ಕಲ್ಲಿನ ಹಳೇ ಹಾಸ್ಟೆಲು,
ನಲವತ್ತೆರಡು ಹೆಂಗಸರು, ನಾಕು ಬಚ್ಚಲ.
ಹೈದರಾಬಾದಿನಿಂದ ಬಂದ ಅಮ್ಮ ತೆಲುಗಿನಾಗ ಹೇಳತಾಳ,
ಬಾಜೂಕ ನಿಂತ ಹುಡುಗಿ ಕನ್ನಡಕ್ಕ ತರತಾಳ.
ನಮಗೆಲ್ಲ ತೆಲುಗು ಬರತದ, ನಗು ಮೊದಲ ಬಂದುಬಿಡತಿತ್ತು,
ಹುಡುಗಿ ಮನಸ್ಸು ನೋಯಬಾರದಂತ
ಇನ್ನೊಮ್ಮೆ ನಗತಿದ್ದೆವು.
“ಕ್ಷಮಿಸುವುದು ಅಂದರೆ” ಅನ್ನೂದ್ರಾಗ
ತರಬೇತಿ ವಿಮಾನ ಮಾಳಿಗಿ ಮ್ಯಾಲೆ ಹರಕೊಂಡು ಹೋತು.
ಬೆನ್ನಿಗೆ ಮತ್ತೊಂದು. ಮತ್ತೊಂದು.
ಸಪ್ಪಳ ಅಡಗಿದಾಗ ಆ ಅಮ್ಮ
ಮಾರ್ಥಳ ಅಡಗಿಮನಿಗೆ ಹೋಗಿಬಿಟ್ಟಿದ್ದಳು.
ಕ್ಷಮಿಸೂದು ಅಂದರ ಏನಂತ
ಕಡೀತನ ಯಾರಿಗೂ ತಿಳೀಲಿಲ್ಲ.

“ಇಲ್ಲಿ ಚಲೋ ಅದ,” ಅಂದಳು ಸುವಾರ್ತಕ್ಕ,
ನನಗಲ್ಲ, ಕಂಬಕ್ಕ ಹೇಳಿದಂಗ.
“ಉಂಡ ತಾಟು ಯಾರೋ ತೊಳೀತಾರ.”

ಶನಿವಾರ ರಾತ್ರಿ ಕೈಗೊಂದು ಚೀಟಿ.
ಎದಿ ಮ್ಯಾಲಿನ ಭಾರ ಬರೀರಿ, ಗಡಿಗ್ಯಾಗ ಹಾಕ್ರಿ, ಸುಡೂಣು.
ಆಕಿಗೆ ಅಕ್ಷರ ಬರಂಗಿಲ್ಲ.
ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಕಡೀಕ ನನ್ನ.
“ಬರಿ.”
ಬರದೆ.
ಎಡ ಮಣಕಾಲು.
ಸುನೀಲನ ಕುಡತ.
ಕಿರಾಣಿ ಬಾಕಿ, ಸಾವಿರದ ಇನ್ನೂರು.
ಹೋದ ವರ್ಷ ಸತ್ತ ಎಮ್ಮಿ.
“ಚಂದ್ರಿ ಅಂತ ಹೆಸರು ಹಾಕು. ಯಾವ ಎಮ್ಮಿ ಅಂತ ದೇವರಿಗೆ ತಿಳೀಬೇಕಲ್ಲ.”
ಆಮ್ಯಾಲೆ, “ಈಕಿ ರಾತ್ರಿ ಗೊರಕಿ ಹೊಡೀತಾಳ.”
ಅದನ್ನೂ ಬರದೆ, ನನ್ನ ಕೈಯಾರೆ.
ಭಾಳ ಹೊತ್ತು ಸುಮ್ಮನ ಕುಂತಳು.
“ಇನ್ನೊಂದು ಅದ.
ಅದು ನಿನ್ನ ಕೈಲೆ ಬರಸೂದಲ್ಲ.”
ಚೀಟಿ ಇಸಗೊಂಡು
ಎಲ್ಲಾದರ ಕೆಳಗ ಉಗುರಿನಿಂದ ಒಂದು ಗೀರು ಎಳದಳು.
ನನ್ನ ಚೀಟಿ ಖಾಲಿ ಇತ್ತು.
ಮಡಚಿ ಹಾಕಿದೆ.

ಗಡಿಗಿ ಸರಿ ಹತ್ತಲಿಲ್ಲ.
ಅರ್ಧ ಹೊಗಿ, ಅರ್ಧ ಅಳು,
ಯಾವುದು ಯಾವುದಂತ ಯಾರೂ ಕೇಳಲಿಲ್ಲ.
ರಾತ್ರಿ ಆಕಿ ಮಗ್ಗಲ ಬದಲಿಸಿದಾಗೆಲ್ಲ
ಶಿಲುಬಿಗೆ ಕೀಲಿಕೈ ಬಡದು ಟಿಣ್ ಅಂತಿತ್ತು.
ನಾ ಎಚ್ಚರ ಇದ್ದೆ,
ಎಲ್ಲಿ ಗೊರಕಿ ಹೊಡೀತೀನೋ ಅಂತ.

ಭಾನುವಾರ ತಿರುಗಿ ಬರೂ ಮುಂದ
ಕಿಟಕಿ ನನಗ ಬಿಟ್ಟಳು.
ಹೊರಗ ತೊಗರಿ ಹಳದಿ ಆಗಿತ್ತು.
“ಪೆಟ್ಟಿಗ್ಯಾಗ ಏನೂ ಇಲ್ಲ,” ಅಂದಳು, ತೊಗರಿ ನೋಡಕೋತ.
“ದವಾಖಾನಿ ಬಿಲ್ಲಿಗೆ ಎಲ್ಲಾ ತಗದು
ಕೀಲಿ ಹಾಕಿದಾಕಿ ನಾನs. ಮುದುಕಿಗೆ ಗೊತ್ತಾಗಬಾರದಂತ.”
ವರ್ಷಾ ಕ್ರಿಸ್‌ಮಸ್ಸಿಗೆ ಸುಣ್ಣ ಹಚ್ಚೂ ಮುಂದ
ಆ ಪೆಟ್ಟಿಗಿ ಎತ್ತಿ ಸರಸಾಕಿ ನಾನು.
“ಗೊತ್ತದ,” ಅಂದೆ. “ಹಗುರ ಅದ.”

ಆಕಿ ನನ್ನ ಮಾರಿ ನೋಡಿದಳು.
ಅಷ್ಟರಾಗ ಕಂಡಕ್ಟರ ಬಂದ.
ಪುಕ್ಕಟೆ ಚೀಟಿಗೆ ಇಬ್ಬರೂ ಆಧಾರ ಕಾರ್ಡು ತೋರಿಸಿದಿವಿ.
ಅಡ್ಡಹೆಸರು ಓದಿ ಕೇಳಿದ,
“ಅಕ್ಕ ತಂಗೇರೇನ್ರಿ?”

“ಅಲ್ಲ,” ಅಂದಳು ಸುವಾರ್ತಕ್ಕ.
“ಗ್ವಾಡಿ ಒಂದೇ.”